ಕಾಲುವೆ ನೀರು ಕದ್ದವರಿಗೆ ದಂಡ: ಊರವರೇ ಹಾಕಬೇಕೇ?

ಪರ

ನಾರಾಯಣಪುರ ಎಡದಂಡೆ ಕಾಲುವೆಯ ತಕರಾರು ಸುರಪುರ, ಶಹಾಪುರದವರಿಗೆ ಹೊಸದಲ್ಲ. ಮೇಲಿನವರು ಭತ್ತ ಹಚ್ಚುತ್ತಾರೆ, ಕೊನೆ ಭಾಗದವರ ಹತ್ತಿ, ಶೇಂಗಾ ಒಣಗುತ್ತವೆ. ತೂಬು ಮುರಿಯುವುದು ರಾತ್ರಿ, ಅದನ್ನು ಕಾಣುವವರು ಪಕ್ಕದ ಹೊಲದವರು. ತಾಲ್ಲೂಕಿನಿಂದ ಅಧಿಕಾರಿ ಬರುವಷ್ಟರಲ್ಲಿ ನೀರು ಗದ್ದೆ ಸೇರಿರುತ್ತದೆ.

ದಂಡದ ಭಯವೇ ಇಲ್ಲದಿದ್ದರೆ? ಅರ್ಥಶಾಸ್ತ್ರಜ್ಞರು ಆಡಿಸುವ ಒಂದು ಆಟವಿದೆ. ನಾಲ್ವರಿಗೆ ತಲಾ 20 ನಾಣ್ಯ. ಎಲ್ಲರಿಗೂ ಸೇರಿದ ಹುಂಡಿಗೆ ಬಿದ್ದ ಪ್ರತಿ ನಾಣ್ಯಕ್ಕೆ ನಾಲ್ವರಿಗೂ ತಲಾ 0.4 ಬರುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ತಲಾ 32. ಒಬ್ಬ ಕೈ ಕಟ್ಟಿ ಕೂತರೆ ಅವನಿಗೆ 44, ಉಳಿದವರಿಗೆ 24. ಇದನ್ನು ಕಂಡ ಮೇಲೆ ಸುತ್ತಿನಿಂದ ಸುತ್ತಿಗೆ ಉಳಿದವರ ಕೈಯೂ ಬಿಗಿಯಾಗುತ್ತದೆ.

ಕಾವಲುಗಾರ ನೀರು ಬಳಸುವವರಿಗೇ ಉತ್ತರಿಸಬೇಕು, ದಂಡ ಸಣ್ಣದರಿಂದ ಏರುತ್ತ ಹೋಗಬೇಕು ಎಂದು, ಊರವರೇ ಕೂಡಿ ನೀರು, ಕಾಡು ಕಾಯುವ ಬಗೆಯನ್ನು ಅಭ್ಯಾಸ ಮಾಡಿದ ಎಲಿನರ್ ಆಸ್ಟ್ರಂ 1990ರಲ್ಲೇ ತೋರಿಸಿದ್ದರು. ಮೊದಲ ಸಲ ನೀರು ಬಳಕೆದಾರರ ಸಂಘದ ಪುಸ್ತಕದಲ್ಲಿ ಹೆಸರು, ಎರಡನೆಯ ಸಲ ಹಣ, ಮೂರನೆಯ ಸಲ ಪಾಳಿ ರದ್ದು. ಮೊದಲ ತಪ್ಪಿಗೇ ಪಾಳಿ ಕಿತ್ತುಕೊಂಡರೆ ಬೆಳೆ ಉಳಿಸಿಕೊಳ್ಳಲು ಅವನು ಮತ್ತೆ ಕದಿಯುತ್ತಾನೆ.

ವಿರೋಧ

ಆ ಆಟದಲ್ಲಿ ಯಾರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಕಾಲುವೆಯ ಮೇಲೆ ಕದ್ದವನು ಸಂಘದ ಅಧ್ಯಕ್ಷರ ಬೀಗನಾಗಿರಬಹುದು.

ಅದೇ ಆಟವನ್ನು 16 ನಗರಗಳಲ್ಲಿ ಆಡಿಸಿದ ಫಲಿತಾಂಶ 2008ರಲ್ಲಿ ಬಂತು. ಅಲ್ಲಿ ದಂಡವೂ ಇತ್ತು: ತಾನು 1 ನಾಣ್ಯ ಕಳೆದುಕೊಂಡರೆ ಇನ್ನೊಬ್ಬನ 3 ನಾಣ್ಯ ಕಳೆಯಬಹುದಿತ್ತು. ಬಾಸ್ಟನ್, ಕೋಪನ್‌ಹೇಗನ್‌ಗಳಲ್ಲಿ ಪೆಟ್ಟು ಬಿದ್ದದ್ದು ಹೆಚ್ಚಾಗಿ ಹುಂಡಿಗೆ ಕಡಿಮೆ ಹಾಕಿದವರಿಗೆ. ಮಸ್ಕತ್, ಅಥೆನ್ಸ್‌ಗಳಲ್ಲಿ ಹೆಚ್ಚು ಹಾಕಿದವರಿಗೂ ಬಿತ್ತು. (ಆಡಿದವರು ವಿದ್ಯಾರ್ಥಿಗಳು, ಇದನ್ನು ಇಡೀ ದೇಶದ ಗುಣವೆಂದು ಓದಬಾರದು.) ಅಂಥದ್ದು ನಮ್ಮ ಕಡೆಯೂ ಆಗಬಹುದು: ತೂಬು ಮುರಿದದ್ದನ್ನು ಹೇಳಿದವನ ಬಂಡಿದಾರಿಗೇ ಮುಳ್ಳು ಬೀಳುತ್ತದೆ.

ಪಪುವಾ ನ್ಯೂಗಿನಿಯ ಎರಡು ಕುಲಗಳಲ್ಲಿ ನಡೆದ ಪ್ರಯೋಗ 2006ರದು. ಹಣ ಹಂಚದೆ ಇಟ್ಟುಕೊಂಡವನಿಗೆ ನೋಡುತ್ತಿದ್ದ ಮೂರನೆಯವನು ದಂಡ ಹಾಕಬಹುದಿತ್ತು. ಮೋಸಹೋದವನು ತನ್ನ ಕುಲದವನಾದರೆ ದಂಡ ಜಾಸ್ತಿ, ಹೊರಗಿನವನಾದರೆ ಕಡಿಮೆ. ಸಂಘದಲ್ಲಿ ಮೇಲೂರಿನವರೇ ಹೆಚ್ಚಿದ್ದರೆ ಕೊನೆ ಭಾಗದವನ ನಷ್ಟ ಯಾರ ಕಣ್ಣಿಗೆ ಬಿದ್ದೀತು?

ಕಾವಲು ಊರವರದೇ ಇರಲಿ, ತೀರ್ಪು ಬೇಡ. ದಂಡದ ಪಟ್ಟಿ ನೀರು ಬಿಡುವ ಮುಂಚೆಯೇ ಬರೆದು ಸಂಘದ ಗೋಡೆಗೆ ಅಂಟಿಸಬೇಕು. ಆಮೇಲೆ ಮೊತ್ತದ ಚರ್ಚೆಯೇ ಇಲ್ಲ. ತೂಬಿನಲ್ಲಿ ನೀರಿನ ಮಟ್ಟ ತೋರಿಸುವ ಗೇಜನ್ನು ಮೇಲೂರಿನ ಒಬ್ಬ, ಕೆಳಗಿನ ಊರಿನ ಒಬ್ಬ ಕೂಡಿ ದಿನಾ ನೋಡಿ ಸಹಿ ಹಾಕಲಿ. ಒಂದೇ ಸಹಿ ಇದ್ದ ದಿನದ ಪುಟ ಸೀದಾ ಇಂಜಿನಿಯರ್ ಕೈಗೆ ಹೋಗಲಿ. ಅವರು ತಡವಾಗಿ ಬರುತ್ತಾರೆಂಬುದು ನಿಜ. ಆದರೆ ಆ ಹೊತ್ತಿಗೆ ನೀರು ಇಂಗಿದ್ದರೂ ಪುಟ ಇರುತ್ತದೆ.