ಗಾಂಜಾ ಸೇದಿದವರೆಲ್ಲ ಹೆರಾಯಿನ್‌ಗೆ ಹೋಗುತ್ತಾರಾ?: ಒಂದು ಸ್ಪಷ್ಟನೆ

"ಒಂದು ಸಲ ಗಾಂಜಾ ಸೇದಿದ ಹುಡುಗ ಹೆರಾಯಿನ್‌ಗೆ ಹೋಗಿಯೇ ಹೋಗುತ್ತಾನೆ" ಎಂಬ ಮೆಸೇಜು ನಮ್ಮ ಶಿವಮೊಗ್ಗ, ತೀರ್ಥಹಳ್ಳಿ ಕಡೆ ಓಡಾಡುತ್ತಿದೆ. ಇದು ನಿಜವಲ್ಲ.

ಹೆರಾಯಿನ್ ಹಿಡಿದವರಲ್ಲಿ ತುಂಬಾ ಜನ ಮೊದಲು ಗಾಂಜಾ ಸೇದಿರುತ್ತಾರೆ, ಸರಿ. ಅದಕ್ಕೂ ಮುಂಚೆ ಸಿಗರೇಟು, ಬಿಯರು ಬಂದಿರುತ್ತವೆ ಅಲ್ವಾ? ಗಾಂಜಾ ಸೇದಿದವರಲ್ಲಿ ಬಹುಪಾಲು ಜನ ಮುಂದಕ್ಕೆ ಹೋಗುವುದಿಲ್ಲ. ಗಾಂಜಾದ ಅಮಲೇ ಮುಂದಿನ ಚಟಕ್ಕೆ ಕಾರಣ ಎನ್ನಲು ಗಟ್ಟಿ ಪುರಾವೆಯಿಲ್ಲ ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲೇ ಹೇಳಿತ್ತು.

ಹಾಗಂತ ಗಾಂಜಾ ಒಳ್ಳೆಯದೇನಲ್ಲ. ಹರೆಯದಲ್ಲಿ ದಿನಾ ಸೇದಿದರೆ ನೆನಪು, ಓದು ಕೆಡುತ್ತವೆ. ಕೆಲವರಿಗೆ ಯಾರೂ ಇಲ್ಲದಾಗ ದನಿ ಕೇಳಿಸತೊಡಗುತ್ತದೆ. ಕಾನೂನಿನ ಪ್ರಕಾರ ಅಪರಾಧವೂ ಹೌದು.

ಮಗನ ಪ್ಯಾಂಟಿನ ಜೇಬಿನಲ್ಲಿ ಪೊಟ್ಟಣ ಸಿಕ್ಕಿತೆಂದು "ಇವನ ಕಥೆ ಮುಗೀತು" ಎಂದು ಕೈಬಿಡಬೇಡಿ. ಕೂರಿಸಿಕೊಂಡು ಮಾತಾಡಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಉಚಿತ.