ಟೆಸ್ಟ್ ಮಾಡಿಲ್ಲ ಸ್ವಾಮಿ, ಅದಕ್ಕೇ ರೇಟು ಜಾಸ್ತಿ

ನನ್ನ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ಹಳೇ ಆರ್ಕೇಡ್ ಗೇಮ್‌ಗಳ ಚಿಪ್‌ಗಳು. ನಾಣ್ಯ ಹಾಕಿದರೆ ಪೀಂ ಪೀಂ ಅನ್ನುತ್ತಿದ್ದ ಆಳೆತ್ತರದ ಪೆಟ್ಟಿಗೆಗಳು ಎಂದೋ ಗುಜರಿ ಸೇರಿದವು. ಅವುಗಳ ಹೊಟ್ಟೆಯೊಳಗಿನ ಬೋರ್ಡಿನಿಂದ ಯಾರೋ ಕಿತ್ತಿಟ್ಟದ್ದು ಕೈಯಿಂದ ಕೈಗೆ ದಾಟಿ ನನ್ನ ಪಾಲಿಗೆ ಬಂತು. ಕಪ್ಪು ಮೈ, ಎರಡೂ ಕಡೆ ಸಾಲು ಕಾಲು, ಥೇಟ್ ಜರಿಹುಳ. ಜೋಪಾನವಾಗಿರಲಿ ಅಂತ ಕಪ್ಪು ಸ್ಪಂಜಿಗೆ ಚುಚ್ಚಿಟ್ಟಿದ್ದರು. ಆ ಸ್ಪಂಜು ವರ್ಷಗಟ್ಟಲೆ ಕೂತು, ಪುಡಿಯಾಗಿ, ಕಾಪಾಡಬೇಕಾದ ಕಾಲುಗಳನ್ನೇ ತಿಂದು ಹಾಕಿತ್ತು.

ಸುಮ್ನೆ ಬಿಸಾಕೋಕೆ ಮನಸ್ಸು ಬರಲಿಲ್ಲ. ಉಪಯೋಗಿಸೋಣ ಅಂದರೆ ಯಾವುದಕ್ಕೆ? ಡಬ್ಬಿಯಲ್ಲಿ ಜಾಸ್ತಿ ಇದ್ದದ್ದು ಝಡ್80, ಅಂದರೆ ಆಟ ನಡೆಸುವ ಮಿದುಳಿನಂಥ ಚಿಪ್. 1980ರಲ್ಲಿ ಪ್ಯಾಕ್‌ಮ್ಯಾನ್ ಓಡಿಸಿದ್ದು ಇದೇ ಜಾತಿಯ ಚಿಪ್, ಸೆಕೆಂಡಿಗೆ ಸುಮಾರು 30 ಲಕ್ಷ ಮಿಡಿತದಲ್ಲಿ. ಇಡೀ ಪ್ಯಾಕ್‌ಮ್ಯಾನ್ ಪ್ರೋಗ್ರಾಂ 16 ಕಿಲೋಬೈಟ್. ಬೆಳಗಾದರೆ ಫೋನಿಗೆ ಬಂದು ಬೀಳುವ ಗುಲಾಬಿ ಹೂವಿನ ಶುಭೋದಯ ಅದಕ್ಕಿಂತ ದೊಡ್ಡದು. ಆಟ ಆಡಬೇಕು ಅಂದರೂ ಚಿಪ್ಪೇ ಬೇಕಿಲ್ಲ. 1997ರಿಂದ ಮೇಮ್ ಅನ್ನೋ ಸಾಫ್ಟ್‌ವೇರ್ ಇದೆ, ಅದೇ ಆಟವನ್ನು ಯಾವ ಕಂಪ್ಯೂಟರಿನಲ್ಲಾದರೂ ಆಡಿಸುತ್ತೆ. ಇನ್ನೂ ತಮಾಷೆ ನೋಡಿ. ಗುಟ್ಟು ಬಿಟ್ಟುಕೊಡದ ಕೆಲವು ಚಿಪ್‌ಗಳ ಒಳಗಿನ ಪ್ರೋಗ್ರಾಂ ಓದೋಕೆ, ಅವುಗಳ ಮೇಲುಹೊದಿಕೆಯನ್ನು ಆಸಿಡ್ಡಿನಲ್ಲಿ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಒಂದೊಂದೇ ಬಿಟ್ ಎಣಿಸಿದ್ದಾರೆ. ಆಟ ಉಳಿಯಿತು, ಚಿಪ್ ಹೋಯಿತು. ಅಂದರೆ ಹಳೇ ಚಿಪ್ ಒಬ್ಬರಿಗೆ ನಿಜವಾಗಿ ಉಪಯೋಗ ಆಗಬೇಕು ಅಂದರೆ ಅದು ಆಸಿಡ್ಡಿಗೆ ಬೀಳಬೇಕು.

ಹಾಗಾದರೆ ಮಾರೋಣ ಅಂದುಕೊಂಡೆ. ಈ ವ್ಯವಹಾರದಲ್ಲಿ ಪಳಗಿದ ಒಬ್ಬರನ್ನು ಕೇಳಿದೆ.

"ಸಾರ್, ಮೊದಲು ಎಲ್ಲಾ ಟೆಸ್ಟ್ ಮಾಡಿಬಿಡ್ತೀನಿ, ಆಮೇಲೆ ರೇಟು ಹೇಳಿ."

ಅವರು ಗಾಬರಿಯಾದರು. "ಅಯ್ಯೋ, ಟೆಸ್ಟ್ ಮಾಡಬೇಡ್ರಿ! ಮಾಡಿದ್ರೆ ಗೊತ್ತಾಗಿಬಿಡುತ್ತೆ!"

ಅವತ್ತು ನನ್ನ ಕಣ್ಣು ತೆರೆಯಿತು. ಟೆಸ್ಟ್ ಮಾಡಿ ಕೆಟ್ಟಿದೆ ಅಂತ ಗೊತ್ತಾದ ಚಿಪ್ ಕಸ. ಟೆಸ್ಟ್ ಮಾಡಿ ಚೆನ್ನಾಗಿದೆ ಅಂತ ಗೊತ್ತಾದದ್ದು ಬಳಸಿದ ಮಾಲು. ಟೆಸ್ಟ್ ಮಾಡದೇ ಇಟ್ಟದ್ದು ಮಾತ್ರ 'ಅಪರೂಪ'. ಇಲ್ಲಿ ದುಡ್ಡು ಹುಟ್ಟೋದು ಚಿಪ್ಪಿನಿಂದ ಅಲ್ಲ, ಅದು ಬದುಕಿದೆಯೋ ಸತ್ತಿದೆಯೋ ಗೊತ್ತಿಲ್ಲದಿರುವುದರಿಂದ. ಅಷ್ಟಕ್ಕೂ ಟೆಸ್ಟ್ ಮಾಡೋದಾದರೂ ಹೇಗೆ? ಅದಕ್ಕೆ ಸರಿಯಾಗಿ ಓಡುವ ಅದೇ ಆಟದ ಬೋರ್ಡು ಇದ್ದರೆ ಒಳ್ಳೇದು. ಬೋರ್ಡು ಸರಿಯಾಗಿ ಓಡುತ್ತಿದ್ದರೆ ಅದರ ಯಜಮಾನನಿಗೆ ಚಿಪ್ ಯಾಕೆ? ಬೋರ್ಡು ಕೆಟ್ಟಿದ್ದರೆ ಚಿಪ್ ಚೆನ್ನಾಗಿದೆ ಅಂತ ಹೇಳೋದು ಹೇಗೆ? ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಇಬ್ಬರೂ ಸೇರಿ ಹರಾಜು ಕೂಗ್ತಾ ಇದ್ದಾರೆ, ಅಷ್ಟೇ.

ಇನ್ನು ಗಾಜಿನ ಕಿಟಕಿಯ ಚಿಪ್‌ಗಳ ಸುದ್ದಿ. ಇವು ಈಪ್ರಾಮ್, ಆಟದ ಪ್ರೋಗ್ರಾಂ ಬರೆದಿಡುವ, ಬೇಕಾದರೆ ಅಳಿಸಿ ಮತ್ತೆ ಬರೆಯಬಹುದಾದ ಚಿಪ್. ನೆತ್ತಿಯ ಮೇಲೆ ಪುಟ್ಟ ದುಂಡು ಗಾಜು, ಒಳಗೆ ಉಗುರಿಗಿಂತ ಚಿಕ್ಕದಾದ ಹೊಳೆಯುವ ಚೌಕ. ನೋಡೋಕೆ ಬಲು ಚೆಂದ. ಅದರ ಮೇಲೆ ಒಂದು ಕಾಗದದ ಸ್ಟಿಕ್ಕರ್ ಇರುತ್ತೆ. ಕಿತ್ತು ಬಿಸಿಲಿಗೆ ಇಟ್ಟರೆ ಸುಮಾರು ಒಂದು ವಾರಕ್ಕೆ ಒಳಗಿನದೆಲ್ಲ ಅಳಿಸಿ ಹೋಗುತ್ತೆ, ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ಮೂರು ವರ್ಷ. ಮಾರೋರು ಏನು ಮಾಡ್ತಾರೆ? ಒಳಗಿನ ಚೌಕ ಚೆನ್ನಾಗಿ ಕಾಣಲಿ ಅಂತ ಸ್ಟಿಕ್ಕರ್ ಕಿತ್ತು, ಪಳಪಳ ಉಜ್ಜಿ, ಕಿಟಕಿ ಪಕ್ಕದ ಒಳ್ಳೇ ಬಿಸಿಲಿನಲ್ಲಿ ಫೋಟೋ ತೆಗೀತಾರೆ. ಕೊಂಡವರು ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ಗೋಡೆಗೆ ತೂಗುಹಾಕ್ತಾರೆ. ಯಾರ ಗಂಟು ಏನು ಹೋಯ್ತು, ಅಲ್ವಾ?

ಚಿಪ್ ಮಾಡಿದವರೂ ಕಡಿಮೆ ಇಲ್ಲ ಬಿಡಿ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಸಿಪಿಎಸ್-2 ಬೋರ್ಡಿನಲ್ಲಿ, ಗುಪ್ತಲಿಪಿಯಲ್ಲಿದ್ದ ಆಟವನ್ನು ಬಿಡಿಸುವ ಬೀಗದ ಕೈ ಇದ್ದದ್ದು ಬ್ಯಾಟರಿಯ ಮೇಲೆ ನಡೆಯುವ ಮೆಮೊರಿಯಲ್ಲಿ. ಬ್ಯಾಟರಿ ಮುಗಿದರೆ ಬೀಗದ ಕೈ ಮಾಯ, ಆಟ ಢಮಾರ್. ರಿಪೇರಿಯವರು ಅದಕ್ಕೆ ಆತ್ಮಹತ್ಯೆ ಬ್ಯಾಟರಿ ಅಂತಲೇ ಹೆಸರಿಟ್ಟಿದ್ದಾರೆ.

ಕೊನೆಗೆ ನಾನೂ ಇಳಿದೆ. ಮಾರೋ ಮುಂಚೆ ಕೊಳ್ಳೋದು ಕಲೀಬೇಕಲ್ಲ, ಒಂದು ಸೌಂಡ್ ಚಿಪ್ ತರಿಸಿದೆ. ಎಷ್ಟು ಹೊಸದಾಗಿತ್ತು ಅಂದರೆ, ಮೇಲಿನ ಅಕ್ಷರ ನಿನ್ನೆ ರಾತ್ರಿ ಬರೆದ ಹಾಗಿತ್ತು. ಬೆರಳಾಡಿಸಿದರೆ ಮರಳು ಕಾಗದದಲ್ಲಿ ಉಜ್ಜಿದ ತರಿ. ಚಿಪ್ ಮೇಲೆ ಹುಟ್ಟಿದ ವರ್ಷ, ವಾರ ಅಚ್ಚು ಹಾಕಿರುತ್ತಾರೆ. 8423 ಅಂದರೆ 1984ರ 23ನೇ ವಾರ. ನನ್ನದರ ಮೇಲೆ 8467 ಇತ್ತು. 1984ರಲ್ಲಿ 67ನೇ ವಾರ! ಮಾರಿದವರನ್ನು ಕೇಳಿದರೆ, "ಅದಕ್ಕೇ ಸಾರ್ ಅಪರೂಪ" ಅಂದರು. ಮಾತಾಡೋಕೆ ಏನೂ ಉಳಿಯಲಿಲ್ಲ.

ಅಷ್ಟರಲ್ಲಿ ಝಿಲಾಗ್ ಕಂಪನಿ, 1976ರಿಂದ ಬರುತ್ತಿದ್ದ ಬಿಡಿ ಝಡ್80ಗೆ 2024ರ ಜೂನ್ 14 ಕಡೆಯ ಆರ್ಡರ್ ದಿನ ಅಂದಿತು. ನಾನು ಆ ದಿನ ಕಳೆಯೋದನ್ನೇ ಕಾದು, ಇಡೀ ಡಬ್ಬಿಯನ್ನು ಮಾರಾಟಕ್ಕೆ ಹಾಕಿದೆ. 'ಇನ್ನು ಸಿಗಲ್ಲ. ಟೆಸ್ಟ್ ಮಾಡಿಲ್ಲ.' ಎರಡೂ ನಿಜ. ಎರಡೇ ದಿನಕ್ಕೆ ಹೋಯಿತು. 67ನೇ ವಾರದ್ದನ್ನೂ ಜೊತೆಗೆ ಸೇರಿಸಿದ್ದೆ.

ಒಂದು ಪಾಪ ಒಪ್ಪಿಕೊಳ್ಳಬೇಕು. ಅದರಲ್ಲಿ ಒಂದು ಝಡ್80ಗೆ ಹನ್ನೊಂದನೇ ಕಾಲು ಮುರಿದಿತ್ತು. 40 ಕಾಲಲ್ಲಿ ಕರೆಂಟ್ ಒಳಗೆ ಬರೋದು ಆ ಒಂದೇ ಕಾಲಿನಿಂದ. ಫೋಟೋದಲ್ಲಿ ಆ ಪಕ್ಕವನ್ನು ಸ್ಪಂಜಿನ ಕಡೆ ತಿರುಗಿಸಿಟ್ಟಿದ್ದೆ.

ಮೊನ್ನೆ ಅದೇ ಡಬ್ಬಿ ಮತ್ತೆ ಮಾರಾಟಕ್ಕೆ ಬಂದಿದೆ. ನನಗೆ ಸಿಕ್ಕ ದುಡ್ಡಿನ ಎರಡರಷ್ಟು ರೇಟು. ಅದೇ ತಗಡು, ಅದೇ ಪುಡಿ ಸ್ಪಂಜು, ಅದೇ 67ನೇ ವಾರ. ಮುರಿದ ಕಾಲಿನದ್ದು ಈಗಲೂ ಸ್ಪಂಜಿಗೆ ಮುಖ ಮಾಡಿ ಮಲಗಿದೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಟೆಸ್ಟ್ ಮಾಡಿಲ್ಲ' ಅಂತ ಬರೆದಿದ್ದಾರೆ. ಪಾಪ, 39 ಕಾಲಲ್ಲೇ ಇಷ್ಟು ದೂರ ನಡೆದಿದೆ. ಇನ್ನೊಂದು ಕೈ ದಾಟಿದರೆ ಮೂರರಷ್ಟಾಗಬಹುದು ಅಂತ ಲೆಕ್ಕ ಹಾಕಿ, ನಾನೂ ಒಂದು ಬೆಲೆ ಕೂಗಿದ್ದೇನೆ.