ರಾಶಿ ದಿನಗಳಲ್ಲಿ ಹಾಜರಿ, ಹಾಲು, ಎಫ್‌ಎ-4

ಫೆಬ್ರವರಿಯಲ್ಲಿ ಹಳ್ಳಿ ಶಾಲೆಗಳು ಖಾಲಿ ಹೊಡೆಯಲು ಪಾಲಕರ ಅಸಡ್ಡೆಯೇ ಕಾರಣ ಅಂತ ಒಂದು ಲೇಖನದಲ್ಲಿ ಓದಿದೆ. ಅಷ್ಟು ಸರಳವಲ್ಲ. ವಿಜಯಪುರ, ಕಲಬುರಗಿ ಕಡೆ ಕಡಲೆ ರಾಶಿ, ಬಿಳಿಜೋಳ ಕೀಳೋದು ಬೆನ್ನಿಗೆ ಬೆನ್ನು ಬರುತ್ತವೆ. ದೊಡ್ಡವರು ನಸುಕಿನಲ್ಲೇ ಹೊಲಕ್ಕೆ ಹೋದರೆ ಚಿಕ್ಕ ಕೂಸು ನೋಡಿಕೊಳ್ಳೋದು, ಬುತ್ತಿ ಒಯ್ಯೋದು ನಾಲ್ಕನೇ, ಐದನೇ ತರಗತಿ ಮಕ್ಕಳ ಪಾಲಿಗೆ.

ಇದರ ಹೊಡೆತ ಮೊದಲು ಬೀಳೋದು ಹಾಲಿನ ಪಾತ್ರೆಗೆ. ಶಾಲಾ ಮಕ್ಕಳಿಗೆ ಹಾಲು ಕೊಡುವ ಸರ್ಕಾರಿ ಯೋಜನೆ ಕ್ಷೀರಭಾಗ್ಯದಲ್ಲಿ ಮಗುವಿಗೆ 18 ಗ್ರಾಂ ಪುಡಿ, 150 ಮಿ.ಲೀ. ಹಾಲು. ಅರವತ್ತು ಮಕ್ಕಳಿಗೆ 1,080 ಗ್ರಾಂ ಪುಡಿ ಕಲಸಿ, ನಲವತ್ತೇ ಮಂದಿ ಬಂದರೆ 3 ಲೀಟರ್ ಹಾಲು ಉಳಿಯಿತು, ದಾಸ್ತಾನು ಪುಸ್ತಕದಲ್ಲಿ 360 ಗ್ರಾಂ ವ್ಯತ್ಯಾಸವೂ ಬಂತು. ನಿನ್ನೆಯ ಲೆಕ್ಕ ನಂಬಬಾರದು. ಪ್ರಾರ್ಥನೆಯ ಸಾಲಿನಲ್ಲೇ ತಲೆ ಎಣಿಸಿ ಅಡುಗೆಯವರಿಗೆ ಹೇಳಬೇಕು. ಚಳಿಗೆ ತಣ್ಣೀರಲ್ಲಿ ಪುಡಿ ಗಂಟು ಕಟ್ಟುತ್ತದೆ, ಗಂಟು ತಳಕ್ಕಿಳಿದು ಸೀಯುತ್ತದೆ, ಸೀದ ವಾಸನೆಗೆ ಮಕ್ಕಳು ಲೋಟ ಮುಟ್ಟೋದಿಲ್ಲ. ಉಗುರುಬೆಚ್ಚಗಿನ ಸ್ವಲ್ಪ ನೀರಲ್ಲಿ ಮೊದಲು ಪೇಸ್ಟ್ ಮಾಡಿ, ಆಮೇಲೆ ಕುದಿಯೋ ನೀರಿಗೆ ತಿರುವುತ್ತ ಸುರಿದರೆ ಆಯಿತು.

ಪಾಠದ್ದು ಬೇರೆ ಕಥೆ. ನಲಿಕಲಿ (ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಕಲಿಕೆ) ಮಗು ಹತ್ತು ದಿನ ತಪ್ಪಿಸಿದರೂ ಕಲಿಕಾ ಏಣಿಯಲ್ಲಿ ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ನಾಲ್ಕು-ಐದರಲ್ಲಿ ಹಾಗಿಲ್ಲ: ಭಿನ್ನರಾಶಿ ತಪ್ಪಿದರೆ ದಶಮಾಂಶ ತಲೆಗೆ ಹತ್ತೋದಿಲ್ಲ. ಎಫ್‌ಎ-4ರ (ವರ್ಷದ ನಾಲ್ಕನೇ ರೂಪಣಾತ್ಮಕ ಮೌಲ್ಯಮಾಪನ) ಮೌಖಿಕ ಕೆಲಸವನ್ನು ಒಂದೇ ದಿನಕ್ಕೆ ತುರುಕದೆ ಎರಡು ವಾರ ಹರಡಿ, ಬಂದವರದ್ದು ಬಂದಂದೇ ಮುಗಿಸಿ. ಸಂತೆ ದಿನ ಮಾತ್ರ ಬೇಡ. ಅಂಕಗಳನ್ನು ಮೊದಲು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಂಕ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ಗೆ ಎಲ್ಲರೂ ಕೊನೇ ದಿನವೇ ಮುಗಿಬಿದ್ದರೆ ಸರ್ವರ್ ಸುತ್ತುತ್ತಲೇ ಇರುತ್ತದೆ.